ಒನಿಗಿರಿ: ಆರಿದ ಮೇಲೆ ತಿನ್ನುವ ಅನ್ನ

ಅನ್ನವನ್ನು ಹಬೆಯಾಡುವಾಗಲೇ ಬಡಿಸಬೇಕು ಎನ್ನುವವರು ನಾವು. ಆರಿದ ಅನ್ನಕ್ಕೆ ಮೊಸರೋ ಒಗ್ಗರಣೆಯೋ ಜೊತೆಯಾಗಬೇಕು, ಇಲ್ಲದಿದ್ದರೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಜಪಾನಿನ ಒನಿಗಿರಿ ಹಾಗಲ್ಲ. ಬೆಳಿಗ್ಗೆ ಕಟ್ಟಿ, ಆರಿದ ಮೇಲೆ, ಕೈಯಲ್ಲೇ ಹಿಡಿದು ತಿನ್ನಲೆಂದು ಮಾಡುವ ಅನ್ನದ ಉಂಡೆ ಅದು. ತಟ್ಟೆ ಬೇಡ, ಚಮಚ ಬೇಡ, ಮತ್ತೆ ಬಿಸಿ ಮಾಡುವ ಮಾತೂ ಇಲ್ಲ. ಯಾವ ಅಕ್ಕಿ ಬೇಕು, ಉಪ್ಪು ಎಲ್ಲಿ ಬೀಳಬೇಕು, ಒಳಗೆ ಏನಿಡಬೇಕು, ಎಷ್ಟು ಬಲವಾಗಿ ಒತ್ತಬೇಕು ಎಂಬ ಪ್ರತಿಯೊಂದು ಕ್ರಮವೂ ಈ ಒಂದು ಸಂಗತಿಯಿಂದಲೇ ಹುಟ್ಟಿದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಕೈ ಹಾಕಿದರೆ ಒನಿಗಿರಿ ಮಾಡುವುದು ಸುಲಭ. ಇದನ್ನು ಮರೆತು ಬರೀ ಮುಕ್ಕೋನ ಆಕಾರದ ಹಿಂದೆ ಬಿದ್ದರೆ ಸಂಜೆಗೆ ಗಟ್ಟಿ ಅನ್ನದ ಹೆಂಟೆ ಉಳಿಯುತ್ತದೆ.

ಜಪಾನಿನಲ್ಲಿ ಇದು ಬಹಳ ಹಳೆಯ ಬುತ್ತಿ. ಇಶಿಕಾವಾ ಪ್ರಾಂತ್ಯದ ಚಾನೊಬತಾಕೆ ಎಂಬಲ್ಲಿ 1987ರಲ್ಲಿ ಉತ್ಖನನ ನಡೆಸಿದವರಿಗೆ ಸುಟ್ಟು ಕರಿಕಾದ, ಮುಕ್ಕೋನ ಆಕಾರದ ಅನ್ನದ ಗಡ್ಡೆಯೊಂದು ಸಿಕ್ಕಿತು. ಅದು ಯಾಯೋಯಿ ಕಾಲದ್ದು, ಸುಮಾರು 2000 ವರ್ಷ ಹಳೆಯದು. ಸಾವಿರ ವರ್ಷದ ಹಿಂದೆ ಮುರಾಸಾಕಿ ಶಿಕಿಬು ಬರೆದ ‘ಗೆಂಜಿಯ ಕಥೆ’ಯಲ್ಲಿ ಅರಮನೆಯ ಸಮಾರಂಭಗಳಲ್ಲಿ ಹಂಚುತ್ತಿದ್ದ ಅನ್ನದ ಉಂಡೆಗಳ ಪ್ರಸ್ತಾಪವಿದೆ, ಅವುಗಳಿಗೆ ಆಗ ತೊಂಜಿಕಿ ಎಂಬ ಹೆಸರಿತ್ತು. ಯಮಾಗಾತಾ ಪ್ರಾಂತ್ಯದ ತ್ಸುರುಓಕಾ ಪಟ್ಟಣದಲ್ಲಿ 1889ರಲ್ಲಿ ಬೌದ್ಧ ಮಂದಿರದೊಳಗೆ ನಡೆಯುತ್ತಿದ್ದ ಶಾಲೆಯೊಂದು ಬುತ್ತಿ ತರಲಾಗದ ಬಡ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡತೊಡಗಿತು. ಜಪಾನಿನ ಶಾಲಾ ಬಿಸಿಯೂಟದ ಚರಿತ್ರೆ ಆರಂಭವಾಗುವುದೇ ಅಲ್ಲಿಂದ. ಆ ಊಟ ಮಾತ್ರ ಒನಿಗಿರಿ, ಉಪ್ಪು ಹಚ್ಚಿ ಸುಟ್ಟ ಮೀನು ಮತ್ತು ಉಪ್ಪಿನಲ್ಲಿಟ್ಟ ಸೊಪ್ಪು. 1995ರ ಜನವರಿ 17ರಂದು ಕೋಬೆ ನಗರವನ್ನು ಭೂಕಂಪ ಕೆಡವಿದಾಗ ಸ್ವಯಂಸೇವಕರು ನಿರಾಶ್ರಿತರ ಕೈಗೆ ಕೊಟ್ಟದ್ದೂ ಇದನ್ನೇ. ಆ ದಿನವನ್ನು ಅಲ್ಲಿ ಈಗ ಒಮುಸುಬಿ ದಿನವೆಂದು ಆಚರಿಸುತ್ತಾರೆ. ಒಮುಸುಬಿ ಎಂಬುದು ಇದೇ ತಿನಿಸಿನ ಇನ್ನೊಂದು ಹೆಸರು.

ಅಕ್ಕಿಯ ಆಯ್ಕೆ

ಸೋನಾ ಮಸೂರಿಯ ಅನ್ನದಿಂದ ಒನಿಗಿರಿ ಕಟ್ಟಲು ಹೊರಟರೆ ಅದು ಕೈಯಲ್ಲೇ ಉದುರುತ್ತದೆ. ಅಕ್ಕಿಯದೇನೂ ತಪ್ಪಿಲ್ಲ. ಸಾರು, ಹುಳಿ ಹಾಕಿ ಕಲಸುವ ಊಟಕ್ಕೆ ಉದುರುದುರಾದ ಅನ್ನವೇ ಚೆಂದ, ಆ ಅಕ್ಕಿಯನ್ನು ನಾವು ಮೆಚ್ಚುವುದೂ ಅದಕ್ಕೇ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೊಪೆಕ್ಟಿನ್ ಎಂಬ ಎರಡು ಅಂಶಗಳಿವೆ. ಅಮೈಲೋಸ್ ಹೆಚ್ಚಿದ್ದರೆ ಅಗುಳು ಬಿಡಿಬಿಡಿಯಾಗಿ ಬೇಯುತ್ತದೆ, ಆರಿದೊಡನೆ ಬಿರುಸಾಗುತ್ತದೆ. ಕಡಿಮೆಯಿದ್ದರೆ ಅಗುಳುಗಳು ಒಂದಕ್ಕೊಂದು ಅಂಟುತ್ತವೆ, ಆರಿದ ಮೇಲೂ ಬಹಳ ಹೊತ್ತು ಮೆತ್ತಗಿರುತ್ತವೆ. ನಮ್ಮ ಕಡೆಯ ಉದ್ದ ಕಾಳಿನ ಅಕ್ಕಿಯ ಹಲವು ತಳಿಗಳಲ್ಲಿ ಅಮೈಲೋಸ್ ಪ್ರಮಾಣ ಶೇಕಡಾ 25ರ ಆಸುಪಾಸು. ಜಪಾನಿಕಾ ಗುಂಪಿನ ಗಿಡ್ಡ, ದುಂಡು ಕಾಳಿನ ಅಕ್ಕಿಯಲ್ಲಿ ಅದು ಸುಮಾರು 15ರಿಂದ 20. ಈ ಸಣ್ಣ ಅಂತರವೇ ಒನಿಗಿರಿಯ ಜೀವ. 1956ರಲ್ಲಿ ಹೆಸರು ಪಡೆದ ಕೋಶಿಹಿಕಾರಿ ಎಂಬ ತಳಿ ಇಂದಿಗೂ ಜಪಾನಿನಲ್ಲಿ ಅತಿ ಹೆಚ್ಚು ಬೆಳೆಯುವ ಅಕ್ಕಿ. ಅದರಲ್ಲೂ ನೀಗಾತಾ ಪ್ರಾಂತ್ಯದ ಉಒನುಮಾದಲ್ಲಿ ಬೆಳೆದದ್ದಕ್ಕೆ ದೊಡ್ಡ ಹೆಸರು. ಅಷ್ಟು ದುಬಾರಿ ಅಕ್ಕಿಗೆ ಹೋಗಬೇಕಿಲ್ಲ. ಜಪಾನಿಕಾ ಎಂದು ಖಚಿತವಾಗಿ ಬರೆದಿರುವ ಯಾವ ಅಕ್ಕಿಯಾದರೂ ನಡೆಯುತ್ತದೆ.

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಇದು ಹೆಚ್ಚಾಗಿ ‘ಸುಶಿ ರೈಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಆ ಹೆಸರಿನಿಂದಾಗಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಸುಶಿಯ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸುತ್ತಾರೆ. ಒನಿಗಿರಿಯ ಅನ್ನಕ್ಕೆ ವಿನೆಗರ್ ಸೇರಿಸುವ ರೂಢಿಯಿಲ್ಲ. ಪೊಟ್ಟಣದ ಹಿಂದೆ ಏನೇ ಬರೆದಿರಲಿ, ಇಲ್ಲಿ ಬೇಕಾದುದು ನೀರಿನಲ್ಲಿ ಬೆಂದ ಅಕ್ಕಿ, ಅಷ್ಟೇ. ಇನ್ನೊಂದು ಗೊಂದಲ ‘ಗ್ಲುಟಿನಸ್ ರೈಸ್’ ಎಂದು ಮಾರುವ ಅಂಟಕ್ಕಿಯದು. ಅದು ಮೋಚಿ ಎಂಬ ಅಂಟು ತಿನಿಸು ಮಾಡುವ ಅಕ್ಕಿ, ಅದರಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಬರೀ ಅದರಿಂದಲೇ ಮಾಡಿದರೆ ಅಗುಳು ಬಿಡಿಸಿ ಕಾಣದೆ ಅಂಟಿನ ಮುದ್ದೆಯಾಗುತ್ತದೆ.

ಜಪಾನಿಕಾ ಸಿಗದ ಊರಿನಲ್ಲಿ ನಮ್ಮ ದೇಶದ ಅಕ್ಕಿಗಳಲ್ಲೇ ಹುಡುಕಬಹುದು. ಮಹಾರಾಷ್ಟ್ರದ ಇಂದ್ರಾಯಣಿ ಬೆಂದಾಗ ಅಂಟಿಕೊಳ್ಳುವ ಗುಣದ್ದು. ಬಂಗಾಳದ ಗೋಬಿಂದೊಭೋಗ್ ಗಿಡ್ಡ ಕಾಳಿನದು, ಸ್ವಲ್ಪ ಮೆತ್ತಗೆ ಬೇಯಿಸಿದರೆ ಉಂಡೆಗೆ ಒಗ್ಗುತ್ತದೆ. ಎರಡಕ್ಕೂ ತಮ್ಮದೇ ಪರಿಮಳವಿರುವುದರಿಂದ ರುಚಿ ಜಪಾನಿನದಾಗದು, ಬೇರೆಯೇ ಆಗುತ್ತದೆ. ಆದರೂ ಸೋನಾ ಮಸೂರಿಯನ್ನು ಕಿವುಚಿ ಮುದ್ದೆ ಮಾಡಿ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು. ಬಾಸ್ಮತಿ, ಕುಚ್ಚಲಕ್ಕಿ, ಇಡ್ಲಿ ಅಕ್ಕಿಗಳ ಗೊಡವೆಗೆ ಹೋಗಬೇಡಿ.

ಅನ್ನ ಬೇಯಿಸುವುದು

ಆರು ಉಂಡೆಗಳಿಗೆ 300 ಗ್ರಾಂ ಅಕ್ಕಿ ಸಾಕು. ಜಪಾನಿನ ಅಳತೆಯಲ್ಲಿ ಇದು ಎರಡು ಗೋ. ಒಂದು ಗೋ ಎಂದರೆ 180 ಮಿಲಿಲೀಟರ್ ಹಿಡಿಯುವ ಬಟ್ಟಲು. ರೈಸ್ ಕುಕ್ಕರಿನೊಂದಿಗೆ ಬರುವ ಪ್ಲಾಸ್ಟಿಕ್ ಲೋಟ ಹೆಚ್ಚಾಗಿ ಇದೇ ಅಳತೆಯದು. ಬೆಂದ ಮೇಲೆ ಸುಮಾರು 650 ಗ್ರಾಂ ಅನ್ನವಾಗುತ್ತದೆ, ಒಂದೊಂದು ಉಂಡೆಗೆ 100 ಗ್ರಾಂ ಮೀರಿ ಬರುತ್ತದೆ.

ಮೊದಲ ನೀರನ್ನು ಹಾಕಿದ ತಕ್ಷಣ ಒಮ್ಮೆ ತಿರುವಿ ಚೆಲ್ಲಿಬಿಡಿ. ಒಣಗಿದ ಅಕ್ಕಿ ಮೊದಲ ನೀರನ್ನೇ ಆತುರದಲ್ಲಿ ಹೀರುತ್ತದೆ, ತೌಡಿನ ವಾಸನೆಯನ್ನೂ ಅದರ ಜೊತೆಗೇ ಎಳೆದುಕೊಳ್ಳುತ್ತದೆ. ಆಮೇಲೆ ನೀರಿಲ್ಲದ ಅಕ್ಕಿಯನ್ನು ಬೆರಳುಗಳಿಂದ ಮೆಲ್ಲಗೆ ಉಜ್ಜಿ, ನೀರು ಹಾಕಿ ಚೆಲ್ಲಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಸಾಕು. ನೀರು ಕನ್ನಡಿಯಂತೆ ತಿಳಿಯಾಗುವವರೆಗೆ ತೊಳೆಯಬೇಕಿಲ್ಲ. ಬಿರುಸಾಗಿ ಉಜ್ಜಿದರೆ ಕಾಳು ಮುರಿದು ಅನ್ನ ಗಂಜಿಯಂತಾಗುತ್ತದೆ. ತೊಳೆದ ಅಕ್ಕಿಯನ್ನು ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದು ಗಂಟೆ ನೆನೆಸಬೇಕು. ಅವಸರದಲ್ಲಿ ಎಲ್ಲರೂ ಬಿಡುವುದು ಈ ಹಂತವನ್ನೇ. ನೆನೆಯದ ಕಾಳು ಹೊರಗೆ ಬೆಂದು ಒಳಗೆ ಗಟ್ಟಿ ಉಳಿಯುತ್ತದೆ. ಬಿಸಿ ಅನ್ನದಲ್ಲಿ ಅದು ಗೊತ್ತಾಗುವುದಿಲ್ಲ, ಆರಿದ ಮೇಲೆ ಹಲ್ಲಿಗೆ ಸಿಗುತ್ತದೆ.

ನೆನೆದ ಅಕ್ಕಿಯ ನೀರು ಬಸಿದು, ದಪ್ಪ ತಳದ, ಮುಚ್ಚಳ ಬಿಗಿಯಾಗಿ ಕೂರುವ ಪಾತ್ರೆಗೆ ಹಾಕಿ, 400 ಮಿಲಿಲೀಟರ್ ಹೊಸ ನೀರು ಸೇರಿಸಿ. ಮಧ್ಯಮ ಉರಿಯಲ್ಲಿ ಕುದಿ ಬಂದ ಕೂಡಲೇ ಉರಿಯನ್ನು ಸಣ್ಣ ಮಾಡಿ 10ರಿಂದ 12 ನಿಮಿಷ ಬೇಯಿಸಿ. ಒಲೆ ಆರಿಸಿದ ಮೇಲೆ ಮುಚ್ಚಳ ತೆರೆಯದೆ ಇನ್ನೂ 10 ನಿಮಿಷ ಹಬೆಯಲ್ಲೇ ಬಿಡಿ. ಬೇಯುವ ಇಡೀ ಹೊತ್ತು ಸೌಟು ಹಾಕಬಾರದು, ಮುಚ್ಚಳ ಎತ್ತಬಾರದು. ಗಂಜಿ ಬಸಿಯುವ ನಮ್ಮ ಪದ್ಧತಿ ಇಲ್ಲಿ ಕೂಡದು, ಉಂಡೆ ಕಟ್ಟಲು ಬೇಕಾದ ಅಂಟು ಆ ಗಂಜಿಯಲ್ಲೇ ಇದೆ. ವಿದ್ಯುತ್ ರೈಸ್ ಕುಕ್ಕರಿನಲ್ಲಿ ಇದೆಲ್ಲ ತಾನೇ ನಡೆಯುತ್ತದೆ, ಸ್ವಿಚ್ ಆರಿದ ಮೇಲಿನ ಹತ್ತು ನಿಮಿಷವನ್ನು ಮಾತ್ರ ನೀವು ಕಾಯಬೇಕು. ಪ್ರೆಶರ್ ಕುಕ್ಕರೊಂದೇ ಇದ್ದರೆ ನೆನೆದ ಅಕ್ಕಿಗೆ ಅಕ್ಕಿಯಷ್ಟೇ ಅಳತೆಯ ನೀರು ಹಾಕಿ, ಒತ್ತಡ ಏರಿದ ಮೇಲೆ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಇಟ್ಟು ಆರಿಸಿ. ಒತ್ತಡ ತಾನಾಗಿ ಇಳಿಯಲಿ. ಈ ಅಕ್ಕಿಯ ಗಂಜಿ ನೊರೆಯಾಗಿ ಏರುವುದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು.

ಬೆಂದ ಅನ್ನವನ್ನು ಒದ್ದೆ ಮಾಡಿದ ಮರದ ಚಪ್ಪಟೆ ಸೌಟಿನಿಂದ ಬುಡದಿಂದ ಮೇಲಕ್ಕೆತ್ತಿ, ಕತ್ತರಿಸಿದ ಹಾಗೆ ಬಿಡಿಸಬೇಕು. ಜಪಾನಿನಲ್ಲಿ ಇದಕ್ಕೆ ಶಾಮೋಜಿ ಎಂಬ ಸೌಟಿದೆ. ಹೀಗೆ ಬಿಡಿಸಿದಾಗ ಹೆಚ್ಚಿನ ತೇವ ಹಬೆಯಾಗಿ ಹೊರಟುಹೋಗುತ್ತದೆ, ಅಗುಳಿನ ಮೇಲೆ ಹೊಳಪು ಉಳಿಯುತ್ತದೆ.

ಕೈ ಮತ್ತು ಉಪ್ಪು

ಉಂಡೆ ಕಟ್ಟುವುದು ಅನ್ನ ಇನ್ನೂ ಬಿಸಿಯಾಗಿದ್ದಾಗಲೇ. ಅಂಗೈ ತಡೆದುಕೊಳ್ಳುವಷ್ಟು ಬಿಸಿ ಸರಿ. ಸುಡುವ ಅನ್ನವನ್ನು ಹಿಡಿಯುವ ಹಟ ಬೇಡ. ಒಂದೊಂದು ಉಂಡೆಯ ಅನ್ನವನ್ನು ಚಿಕ್ಕ ಬಟ್ಟಲುಗಳಿಗೆ ಹಾಕಿಟ್ಟರೆ ಎರಡು ಮೂರು ನಿಮಿಷದಲ್ಲಿ ಹದಕ್ಕೆ ಬರುತ್ತದೆ, ಎಲ್ಲ ಉಂಡೆಗಳೂ ಒಂದೇ ಗಾತ್ರದವಾಗುತ್ತವೆ. ಪೂರ್ತಿ ಆರಿದ ಅನ್ನ ಮಾತ್ರ ಎಷ್ಟು ಒತ್ತಿದರೂ ಕೂಡಿಕೊಳ್ಳುವುದಿಲ್ಲ.

ಪಕ್ಕದಲ್ಲಿ ಒಂದು ಬಟ್ಟಲು ನೀರು, ಒಂದು ತಟ್ಟೆ ಉಪ್ಪು ಇಟ್ಟುಕೊಳ್ಳಿ. ಎರಡೂ ಕೈ ಒದ್ದೆ ಮಾಡಿ, ನೀರು ಕೊಡವಿ, ಮೂರು ಬೆರಳಲ್ಲಿ ಸಿಗುವಷ್ಟು ಉಪ್ಪನ್ನು ಅಂಗೈಗಳಿಗೆ ಸವರಿ. ನೀರು ಹೆಚ್ಚಾದರೆ ಉಂಡೆಯ ಮೇಲ್ಮೈ ಗಂಜಿಯಾಗುತ್ತದೆ, ಕಡಿಮೆಯಾದರೆ ಅನ್ನ ಕೈಗೆ ಅಂಟುತ್ತದೆ. ಉಪ್ಪನ್ನು ಅನ್ನಕ್ಕೆ ಮೊದಲೇ ಬೆರೆಸದೆ ಕೈಗೆ ಸವರುವುದಕ್ಕೆ ಕಾರಣವಿದೆ. ಕಚ್ಚಿದಾಗ ಮೊದಲು ನಾಲಿಗೆಗೆ ತಾಗುವುದು ಹೊರಮೈ. ಅಲ್ಲಿ ಉಪ್ಪು ತುಸು ಮುಂದಾಗಿ, ಒಳಗಿನ ಅನ್ನ ಸಪ್ಪೆಯಾಗಿದ್ದಾಗ ಅಕ್ಕಿಯ ಸಿಹಿ ಎದ್ದು ಬರುತ್ತದೆ. ಆರಿದ ಅನ್ನಕ್ಕೆ ಬಿಸಿ ಅನ್ನಕ್ಕಿಂತ ಸ್ವಲ್ಪ ಹೆಚ್ಚೇ ಉಪ್ಪು ಬೇಕು, ಆದ್ದರಿಂದ ಕಟ್ಟುವಾಗ ತುಸು ಉಪ್ಪುಪ್ಪಾಗಿ ಕಂಡರೆ ಅದೇ ಸರಿ. ನುಣ್ಣನೆಯ ಟೇಬಲ್ ಸಾಲ್ಟ್‌ಗಿಂತ ಸ್ವಲ್ಪ ತರಿಯಾದ ಕಲ್ಲುಪ್ಪಿನ ಪುಡಿ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಅನ್ನದ ಮುಕ್ಕಾಲು ಪಾಲನ್ನು ಎಡಗೈಗೆ ಹಾಕಿಕೊಂಡು, ನಡುವೆ ಹೆಬ್ಬೆರಳಿನಿಂದ ಗುಂಡಿ ಮಾಡಿ, ಒಂದು ಚಮಚದಷ್ಟು ಹೂರಣ ಇಟ್ಟು, ಉಳಿದ ಅನ್ನದಿಂದ ಮುಚ್ಚಿ. ಈಗ ಎಡಗೈ ಉಂಡೆಯ ಅಡಿಯನ್ನೂ ದಪ್ಪವನ್ನೂ ಹಿಡಿದಿಟ್ಟುಕೊಳ್ಳಲಿ. ಬಲಗೈಯ ಬೆರಳುಗಳನ್ನು ಮಡಿಸಿ ಮನೆಯ ಮಾಡಿನಂತೆ ಕೋನವಾಗಿಸಿ ಮೇಲಿನಿಂದ ಒತ್ತಿ. ಒಂದು ಸಲ ಒತ್ತಿ, ಉಂಡೆಯನ್ನು ನಿಮ್ಮ ಕಡೆಗೆ ಒಂದು ಮೂಲೆಯಷ್ಟು ಉರುಳಿಸಿ, ಮತ್ತೆ ಒತ್ತಿ, ಮತ್ತೆ ಉರುಳಿಸಿ. ಮೂರು ಮೂಲೆಗಳೂ ಎರಡೆರಡು ಸಲ ಬಂದರೆ ಆಕಾರ ಕೂರುತ್ತದೆ, ಅಲ್ಲಿಗೆ ಕೈ ತೆಗೆಯಿರಿ.

ಒತ್ತುವ ಬಲದ ಬಗ್ಗೆ ನಾನು ಒತ್ತಿ ಹೇಳಬೇಕು, ಏಕೆಂದರೆ ಒನಿಗಿರಿ ಕೆಡುವುದು ಹೆಚ್ಚಾಗಿ ಇಲ್ಲೇ. ರವೆ ಉಂಡೆ ಕಟ್ಟಿ ಪಳಗಿದ ಕೈ ಮುಷ್ಟಿ ಬಿಗಿದು ಹಿಂಡಲು ನೋಡುತ್ತದೆ. ಇಲ್ಲಿ ಅದು ಬೇಡ. ಹೊರಗಿನ ಪದರ ಮಾತ್ರ ಗಟ್ಟಿಯಾಗಿ ಒಳಗಿನ ಅಗುಳುಗಳ ನಡುವೆ ಗಾಳಿ ಉಳಿಯಬೇಕು. ಕೈಯಲ್ಲಿ ಹಿಡಿದಾಗ ಮುರಿಯಬಾರದು, ಬಾಯಲ್ಲಿಟ್ಟಾಗ ಅಗುಳು ಬಿಡಿಯಾಗಿ ಹರಡಬೇಕು. ಹಿಂಡಿದ ಉಂಡೆ ಬಿಸಿಯಿದ್ದಾಗ ಹೇಗೋ ತಿನ್ನಲು ಬರುತ್ತದೆ. ಆರಿದ ಮೇಲೆ ಅದರೊಳಗಿನ ಜಜ್ಜಿದ ಅನ್ನ ಒಂದೇ ಗಡ್ಡೆಯಾಗುತ್ತದೆ. ಟೋಕಿಯೋದ ಅಸಾಕುಸಾದಲ್ಲಿ 1954ರಿಂದ ಒನಿಗಿರಿಯನ್ನೇ ಮಾರುತ್ತ ಬಂದ ಯಾದೊರೊಕು ಎಂಬ ಚಿಕ್ಕ ಅಂಗಡಿಯಿದೆ. ಟೋಕಿಯೋದ ಮಿಷೆಲಿನ್ ಗೈಡ್‌ನ 2019ರ ಆವೃತ್ತಿ ಅದನ್ನು ಮೆಚ್ಚಿ ಹೆಸರಿಸಿತು. ಅನ್ನ, ಉಪ್ಪು, ಸಮುದ್ರ ಪಾಚಿಯ ಇಂಥದೊಂದು ಸರಳ ತಿನಿಸಿಗೆ ಆ ಗೌರವ ಸಂದದ್ದು ನನಗೆ ನ್ಯಾಯವೆನಿಸುತ್ತದೆ, ಕೈಯ ಹದವೂ ಒಂದು ವಿದ್ಯೆ.

ಮುಕ್ಕೋನ ಕೂರದಿದ್ದರೆ ಬೇಸರ ಬೇಡ. ಜಪಾನಿನಲ್ಲೇ ದುಂಡಗೆ, ಚಪ್ಪಟೆ ಬಿಲ್ಲೆಯಂತೆ, ಭತ್ತದ ಮೂಟೆಯಂಥ ಉರುಳೆಯಾಗಿಯೂ ಕಟ್ಟುತ್ತಾರೆ.

ನೋರಿ ಎಂಬ ಪಾಚಿ ಹಾಳೆ

ಒನಿಗಿರಿಗೆ ಸುತ್ತುವ ಕಪ್ಪು ಹಾಳೆ ನೋರಿ. ಸಮುದ್ರದಲ್ಲಿ ಬೆಳೆಯುವ ಪಾಚಿಯನ್ನು ಕೊಚ್ಚಿ, ಚಾಪೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿದ ಹಾಳೆ ಇದು. ಒಂದು ಹಾಳೆಯ ಅಳತೆ 21 ಸೆಂಟಿಮೀಟರ್‌ಗೆ 19. ಅದನ್ನು ಮೂರು ಪಟ್ಟಿಯಾಗಿ ಕತ್ತರಿಸಿದರೆ ಒಂದೊಂದು ಉಂಡೆಗೆ ಒಂದೊಂದು ಪಟ್ಟಿ. ಹೊಳೆಯುವ ಮುಖ ಹೊರಗಿರಲಿ, ಒರಟು ಮುಖ ಅನ್ನಕ್ಕೆ ತಾಗಲಿ.

ಇಂದು ಎಲ್ಲ ಅಂಗಡಿಯಲ್ಲೂ ಸಿಗುವ ಈ ಹಾಳೆಯ ಹಿಂದೆ ಒಬ್ಬ ಇಂಗ್ಲಿಷ್ ಸಸ್ಯವಿಜ್ಞಾನಿಯ ದುಡಿಮೆಯಿದೆ. ನೋರಿಯ ಬೀಜಕಣಗಳು ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದು ಜಪಾನಿನ ಬೆಳೆಗಾರರಿಗೆ ಗೊತ್ತಿರಲಿಲ್ಲ. ಕೊಲ್ಲಿಯಲ್ಲಿ ಕೋಲು ನೆಟ್ಟು, ಬಲೆ ಕಟ್ಟಿ, ಪಾಚಿ ತಾನಾಗಿ ಬಂದು ಅಂಟಲಿ ಎಂದು ಕಾಯುತ್ತಿದ್ದರು. ಒಂದು ವರ್ಷ ಬೆಳೆ, ಇನ್ನೊಂದು ವರ್ಷ ಏನೂ ಇಲ್ಲ. ಮ್ಯಾಂಚೆಸ್ಟರಿನ ಕ್ಯಾಥ್ಲೀನ್ ಡ್ರೂ ಬೇಕರ್ 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬೇರೆಯೇ ಜೀವಿ ಎಂದು ಅದುವರೆಗೆ ತಿಳಿದಿದ್ದ, ಚಿಪ್ಪುಗಳ ಒಳಗೆ ಕೊರೆದು ಬದುಕುವ ನಸುಗೆಂಪು ಎಳೆಗಳು ಇದೇ ಜಾತಿಯ ಪಾಚಿಯ ಬೇಸಿಗೆಯ ರೂಪ ಎಂದು ಅವರು ತೋರಿಸಿದರು. ಜಪಾನಿನ ವಿಜ್ಞಾನಿಗಳು ಆ ತಿಳಿವನ್ನು ಬಳಸಿ ಚಿಪ್ಪುಗಳ ಮೇಲೆ ಬೀಜ ಬೆಳೆಸಿ ಬಲೆಗಳಿಗೆ ಹತ್ತಿಸುವ ಕೃಷಿ ರೂಪಿಸಿದರು. ಡ್ರೂ ಬೇಕರ್ 1957ರಲ್ಲಿ ತೀರಿಕೊಂಡರು, ಜಪಾನನ್ನು ಕಾಣಲೇ ಇಲ್ಲ. ನೋರಿ ಹೇರಳವಾಗಿ ಬೆಳೆಯುವ ಅರಿಆಕೆ ಸಮುದ್ರದ ಸೀಮೆಯಲ್ಲಿ, ಕುಮಾಮೊತೊ ಪ್ರಾಂತ್ಯದ ಉತೊ ಪಟ್ಟಣದಲ್ಲಿ ಬೆಳೆಗಾರರು ಅವರಿಗೆ ಸ್ಮಾರಕ ನಿಲ್ಲಿಸಿದ್ದಾರೆ. ಪ್ರತಿ ವರ್ಷ ಏಪ್ರಿಲ್ 14ರಂದು ಅಲ್ಲಿ ಸೇರಿ ಅವರನ್ನು ಸ್ಮರಿಸುತ್ತಾರೆ.

ನೋರಿ ಗರಿಗರಿಯಾಗಿರಬೇಕೆ, ಅನ್ನಕ್ಕೆ ಅಂಟಿ ಮೆತ್ತಗಾಗಬೇಕೆ? ಜಪಾನಿನಲ್ಲೂ ಇದಕ್ಕೆ ಎರಡು ಪಕ್ಷಗಳಿವೆ. ಮನೆಯ ಬುತ್ತಿಯಲ್ಲಿ ಬೆಳಿಗ್ಗೆಯೇ ಸುತ್ತಿದ ನೋರಿ ಮಧ್ಯಾಹ್ನದ ಹೊತ್ತಿಗೆ ತೇವ ಹೀರಿ ಅನ್ನದ ಚರ್ಮದಂತಾಗುತ್ತದೆ, ಅದರ ಪರಿಮಳ ಅನ್ನಕ್ಕಿಳಿಯುತ್ತದೆ. ಅಂಗಡಿಯದು ಗರಿಗರಿ. 1974ರಲ್ಲಿ ಟೋಕಿಯೋದ ತೊಯೊಸುವಿನಲ್ಲಿ ಜಪಾನಿನ ಮೊದಲ ಮಳಿಗೆ ತೆರೆದ ಸೆವೆನ್ ಇಲೆವೆನ್, 1978ರಲ್ಲಿ ಅನ್ನಕ್ಕೂ ನೋರಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆಯಿಟ್ಟ ಒನಿಗಿರಿಯನ್ನು ಮಾರಾಟಕ್ಕಿಟ್ಟಿತು; ತಿನ್ನುವ ಹೊತ್ತಿಗೆ ಹಾಳೆ ಎಳೆದರೆ ನೋರಿ ಅನ್ನಕ್ಕೆ ಕೂರುತ್ತದೆ. ಮನೆಯಲ್ಲಿ ಗರಿಗರಿ ಬೇಕೆನ್ನುವವರಿಗೆ ಅಷ್ಟು ಏರ್ಪಾಡು ಬೇಡ, ಪಟ್ಟಿಗಳನ್ನು ಬೇರೆ ಡಬ್ಬಿಯಲ್ಲಿ ಒಯ್ದು ತಿನ್ನುವಾಗ ಸುತ್ತಿಕೊಂಡರಾಯಿತು. ನನಗೆ ಮೆತ್ತಗಾದ ನೋರಿಯೇ ಇಷ್ಟ, ಅನ್ನವೂ ಅದೂ ಒಂದಾಗಿ ಬಾಯಿಗೆ ಬರುತ್ತವೆ. ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಪೊಟ್ಟಣ ತೆರೆದ ಗಳಿಗೆಯಿಂದಲೇ ನೋರಿ ತೇವ ಹೀರತೊಡಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಪೊಟ್ಟಣದೊಳಗಿನ ಸಿಲಿಕಾ ಜೆಲ್ ಸಮೇತ ಇಡಿ. ಮೆತ್ತಗಾಗಿದ್ದರೆ ಸಣ್ಣ ಉರಿಯಿಂದ ಗೇಣು ಎತ್ತರದಲ್ಲಿ ಹಿಡಿದು ಎರಡು ಮೂರು ಸಲ ಆಡಿಸಿದರೆ ಮತ್ತೆ ಗರಿಗರಿಯಾಗುತ್ತದೆ.

ಒಳಗಿನ ಹೂರಣ

ಹೂರಣ ಹೀಗಿರಬೇಕು: ಒಣಗಿರಬೇಕು, ಉಪ್ಪು ಮುಂದಾಗಿರಬೇಕು, ಆರಿದ ಮೇಲೂ ರುಚಿ ಕುಂದಬಾರದು. ರಸ ಒಸರುವ ಪಲ್ಯ, ಗೊಜ್ಜು ಒಳಗಿಟ್ಟರೆ ಗಂಟೆ ಕಳೆಯುವುದರೊಳಗೆ ಉಂಡೆ ಒಡೆಯುತ್ತದೆ.

ಹಳೆಯ ಹೂರಣಗಳಲ್ಲೆಲ್ಲ ಹೆಸರಾದದ್ದು ಉಮೆಬೋಶಿ. ಏಪ್ರಿಕಾಟಿನ ಹತ್ತಿರದ ನಂಟಿನ ಉಮೆ ಹಣ್ಣನ್ನು ತನ್ನ ತೂಕದ ಶೇಕಡಾ 18ರಿಂದ 20ರಷ್ಟು ಉಪ್ಪಿನಲ್ಲಿ ಹಾಕಿ, ಕೆಂಪು ಶಿಸೊ ಎಲೆಯ ಬಣ್ಣ ಕೊಟ್ಟು, ಬೇಸಿಗೆಯ ಬಿಸಿಲಿನಲ್ಲಿ ಒಣಗಿಸುವುದು ಅದರ ಸಾಂಪ್ರದಾಯಿಕ ಕ್ರಮ. ವಾಕಾಯಾಮಾ ಪ್ರಾಂತ್ಯದ ಮಿನಾಬೆ ಇದಕ್ಕೆ ಹೆಸರುವಾಸಿ. ಬೀಜ ತೆಗೆದ ಒಂದು ಹಣ್ಣು ಒಂದು ಉಂಡೆಗೆ ಸಾಕು. ಅದು ಸಿಗದಿದ್ದರೆ ನಮ್ಮ ಭರಣಿಯಲ್ಲಿ ಹುಡುಕಿ. ಎಣ್ಣೆ, ಮೆಂತ್ಯ, ಕಾರದ ಪುಡಿ ಹಾಕಿದ ಉಪ್ಪಿನಕಾಯಿ ಬೇಡ. ಎಣ್ಣೆ ಅನ್ನದ ಅಂಟನ್ನೇ ಬಿಡಿಸುತ್ತದೆ. ಎಣ್ಣೆ ಸೋಕಿಸದೆ ಉಪ್ಪಿನಲ್ಲಷ್ಟೇ ಹಾಕಿ ವರ್ಷಗಟ್ಟಲೆ ಇಟ್ಟ ನಿಂಬೆ, ಅನೇಕ ಮನೆಗಳಲ್ಲಿ ಅಜೀರ್ಣಕ್ಕೆಂದು ಕಾದಿಟ್ಟಿರುವ ಆ ಕಪ್ಪು ನಿಂಬೆ, ಹುಳಿ ಉಪ್ಪುಗಳ ತೀವ್ರತೆಯಲ್ಲಿ ಉಮೆಬೋಶಿಗೆ ಹತ್ತಿರ ಬರುತ್ತದೆ. ಕಾಲು ಹೋಳನ್ನು ಸಣ್ಣಗೆ ಹೆಚ್ಚಿ ಇಡಿ.

ಮೀನು ತಿನ್ನುವವರಿಗೆ ಉಪ್ಪು ಹಚ್ಚಿ ಸುಟ್ಟು, ಮುಳ್ಳು ತೆಗೆದು ಬಿಡಿಸಿದ ಸಾಲ್ಮನ್ ಬಹಳ ಒಗ್ಗುವ ಹೂರಣ. ಜಪಾನಿನಲ್ಲಿ ಇದೇ ಬಗೆಯಲ್ಲಿ ಸಾಬಾ ಮೀನನ್ನೂ ಇಡುತ್ತಾರೆ. ಸಾಬಾ ನಮ್ಮ ಬಂಗುಡೆಯ ಬಳಗದ್ದು. ಆದ್ದರಿಂದ ಮಸಾಲೆ ಹಚ್ಚದೆ, ಬರೀ ಉಪ್ಪಿನಲ್ಲಿ ಅರ್ಧ ಗಂಟೆಯಿಟ್ಟು, ತವೆಯಲ್ಲಿ ಅದರದೇ ಕೊಬ್ಬಿನಲ್ಲಿ ಗರಿಯಾಗಿ ಸುಟ್ಟ ಬಂಗುಡೆ ಇಲ್ಲಿ ಹೊರಗಿನದೆನಿಸುವುದಿಲ್ಲ. ಮುಳ್ಳುಗಳನ್ನು ತಾಳ್ಮೆಯಿಂದ ಆರಿಸಿ. ಟ್ಯೂನಾ ಮೇಯೊ 1980ರ ದಶಕದಲ್ಲಿ ಅಂಗಡಿಗಳಿಂದ ಹರಡಿದ ಹೊಸ ರುಚಿ. ಡಬ್ಬಿಯ ಟ್ಯೂನಾದ ಎಣ್ಣೆಯನ್ನೋ ನೀರನ್ನೋ ಪೂರ್ತಿ ಹಿಂಡಿ, ಮೇಯೊನೀಸ್ ಹಿಡಿದುಕೊಳ್ಳುವಷ್ಟೇ ಬೆರೆಸಿ, ನಾಲ್ಕು ಹನಿ ಸೋಯಾ ಸಾಸ್ ಹಾಕಬೇಕು. ನಮ್ಮ ಸೆಕೆಯಲ್ಲಿ ಇದನ್ನು ಬುತ್ತಿಗೆ ಕಟ್ಟಬೇಡಿ, ಮನೆಯಲ್ಲಿ ಕೂಡಲೇ ತಿನ್ನಿ.

ಸಸ್ಯಾಹಾರಿಗಳಿಗೆ ನಾನು ಮೊದಲು ಹೇಳುವುದು ಕೊಂಬು ಎಂಬ ದಪ್ಪ ಪಾಚಿಯ ಹೂರಣವನ್ನು. ಕೊಂಬುವನ್ನು ನೆನೆಸಿ, ಕಡ್ಡಿಕಡ್ಡಿಯಾಗಿ ಒಂದು ಹಿಡಿ ಹೆಚ್ಚಿ, ಮುಳುಗುವಷ್ಟು ನೀರು ಮತ್ತು ಒಂದು ಚಿಕ್ಕ ಚಮಚ ವಿನೆಗರ್ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಆಮೇಲೆ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಸಕ್ಕರೆ ಸೇರಿಸಿ, ರಸ ಪೂರ್ತಿ ಇಂಗುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿ, ಹುರಿದ ಎಳ್ಳು ಉದುರಿಸಿ. ಒಣಗಿದ ಶಿಟಾಕೆ ಅಣಬೆಯನ್ನೂ ಹೀಗೇ ಮಾಡಬಹುದು. ಫ್ರಿಜ್ಜಿನಲ್ಲಿ ವಾರದ ಮೇಲೂ ಇರುತ್ತದೆ. ಸೋಯಾ ಸಾಸ್ ಜಪಾನಿನ ಬಗೆಯದೇ ಆಗಲಿ. ಇಲ್ಲಿ ನೂಡಲ್ಸಿಗೆಂದು ಮಾರುವ ಕಡುಗಪ್ಪಿನ ಸಾಸ್ ಹಾಕಿದರೆ ಬಣ್ಣವೇ ಹೆಚ್ಚು, ಪರಿಮಳ ಕಡಿಮೆ. ಇನ್ನೂ ಸರಳವಾಗಿ ಬೇಕಿದ್ದರೆ ಹುರಿದ ಕರಿಎಳ್ಳು ಮತ್ತು ಉಪ್ಪನ್ನು ತರಿತರಿಯಾಗಿ ಕುಟ್ಟಿ ಉಂಡೆಯ ಮೇಲೆ ಉದುರಿಸಿ. ಒಳಗೆ ಏನೂ ಇಡದ ಬರೀ ಉಪ್ಪಿನ ಒನಿಗಿರಿಗೂ ಜಪಾನಿನಲ್ಲಿ ಅಷ್ಟೇ ಮಾನವಿದೆ. ಮೊದಲ ಸಲ ಮಾಡುವವರು ಅದರಿಂದಲೇ ಆರಂಭಿಸಲಿ, ಅಕ್ಕಿ ಬೆಂದ ಹದ ಅದರಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.

ಪೊಟ್ಟಣ ಕೊಳ್ಳುವಾಗ ಹಿಂಬದಿ ಓದುವುದನ್ನು ಸಸ್ಯಾಹಾರಿಗಳು ಮರೆಯಬಾರದು. ಬರೀ ನೋರಿ ಸಸ್ಯಾಹಾರವೇ. ಆದರೆ ರುಚಿ ಬೆರೆಸಿದ ನೋರಿಯಲ್ಲಿ ಮೀನಿನ ಅಥವಾ ಸಿಗಡಿಯ ಸಾರ ಇರುವುದುಂಟು. ಅನ್ನದ ಮೇಲೆ ಉದುರಿಸುವ ಫುರಿಕಾಕೆ ಪುಡಿಗಳಲ್ಲಿ, ಕೆಲವು ಉಮೆಬೋಶಿಗಳಲ್ಲಿ ಕೂಡ ಕತ್ಸುವೊಬುಶಿ ಎಂಬ ಒಣಮೀನಿನ ಚಕ್ಕೆ ಸೇರಿರುತ್ತದೆ.

ಇಡುವುದು, ಒಯ್ಯುವುದು

ಇಲ್ಲಿ ಜಪಾನಿನ ರೂಢಿಯನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಅಲ್ಲಿ ತಂಪಾದ ಋತುವಿನಲ್ಲಿ ಬೆಳಿಗ್ಗೆ ಕಟ್ಟಿದ್ದನ್ನು ಮಧ್ಯಾಹ್ನ ತಿನ್ನುತ್ತಾರೆ. ನಮ್ಮ ಬೇಸಿಗೆಯ ಸೆಕೆ ಬೇರೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಬಹಳ ಹೊತ್ತು ಉಳಿದರೆ ಅವು ಮೊಳೆತು ವಿಷ ಹುಟ್ಟಿಸುತ್ತವೆ. ಇನ್ನೊಂದು ಅಪಾಯ ಕೈಯದು. ಚರ್ಮದ ಮೇಲೂ ಗಾಯದಲ್ಲೂ ಇರುವ ಸ್ಟಾಫಿಲೊಕಾಕಸ್ ಅನ್ನಕ್ಕೆ ದಾಟಿ ವಿಷ ಬಿಟ್ಟರೆ, ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗದು. ಆದ್ದರಿಂದ ಕೂಡಲೇ ತಿನ್ನುವ ಉಂಡೆಗೆ ಚೆನ್ನಾಗಿ ತೊಳೆದ ಬರಿಗೈ, ಬುತ್ತಿಗೆ ಕಟ್ಟುವುದಕ್ಕೆ ಅಡುಗೆಯ ತೆಳು ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಉಪ್ಪು ಉದುರಿಸಿ, ಅನ್ನವಿಟ್ಟು, ಹೊರಗಿನಿಂದಲೇ ಆಕಾರ ಕೊಡಿ. ಬೆರಳಲ್ಲಿ ಗಾಯವಿದ್ದರಂತೂ ಬರಿಗೈ ಹಾಕಲೇಬಾರದು, ಉಂಗುರ ತೆಗೆದಿಡಬೇಕು. ಉಮೆಬೋಶಿ ಇಟ್ಟರೆ ಕೆಡುವುದಿಲ್ಲ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅದರ ಉಪ್ಪು ಹುಳಿಗಳ ರಕ್ಷೆ ಸುತ್ತಲಿನ ಸ್ವಲ್ಪ ಅನ್ನಕ್ಕಷ್ಟೇ.

ಕಟ್ಟಿದ ಉಂಡೆಯನ್ನು ಜಾಲರಿಯ ಮೇಲೋ ತಟ್ಟೆಯಲ್ಲೋ ಇಟ್ಟು ಹಬೆ ಅಡಗಿದ ಮೇಲೆ ಸುತ್ತಬೇಕು, ಬಿಸಿಯಿದ್ದಾಗ ಸುತ್ತಿದರೆ ಒಳಗೆ ನೀರು ಹನಿಯುತ್ತದೆ. ಹಿಂದೆ ಜಪಾನಿನಲ್ಲಿ ಬಿದಿರಿನ ಹಾಳೆಯಲ್ಲಿ ಕಟ್ಟುತ್ತಿದ್ದರು, ಅದು ತೇವವನ್ನು ಹೊರಬಿಡುತ್ತಿತ್ತು. ಬಿಸಿಲ ದಿನಗಳಲ್ಲಿ ಹೊರಗಿಟ್ಟ ಒನಿಗಿರಿಯನ್ನು ಎರಡು ಗಂಟೆಯೊಳಗೆ ತಿನ್ನಿ. ಮಕ್ಕಳ ಶಾಲೆಯ ಬುತ್ತಿಗಾದರೆ ಐಸ್ ಪ್ಯಾಕ್ ಜೊತೆಗಿಟ್ಟು ಕಳಿಸಿ.

ಉಳಿದದ್ದನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡುವುದು ಎಲ್ಲರೂ ಮಾಡುವ ಕೆಲಸ, ಒನಿಗಿರಿ ಕೆಡುವುದೂ ಅದರಿಂದಲೇ. ಸೊನ್ನೆಗಿಂತ ತುಸು ಮೇಲಿನ ತಂಪಿನಲ್ಲಿ ಪಿಷ್ಟ ಬಹಳ ಬೇಗ ಬಿರುಸಾಗುತ್ತದೆ. ಅದರ ಬದಲು ಹೊಸದಾಗಿರುವಾಗಲೇ ಒಂದೊಂದನ್ನೂ ಬಿಗಿಯಾಗಿ ಸುತ್ತಿ, ನೋರಿ ಇಲ್ಲದೆ, ನೇರ ಫ್ರೀಜರಿಗೆ ಹಾಕಿ. ಬೇಕೆಂದಾಗ ಹಾಳೆ ಬಿಚ್ಚದೆ ಮೈಕ್ರೊವೇವಿನಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿದರೆ ಹೊಸ ಅನ್ನದ ಮೆದುತನ ಮರಳುತ್ತದೆ.

ಆಕಾರ ಕಟ್ಟುವ ವ್ಯವಧಾನವಿಲ್ಲದ ಬೆಳಗಿಗೆ ಒನಿಗಿರಜು ಇದೆ. ಉಎಯಾಮಾ ತೋಚಿ ಅವರ ‘ಕುಕಿಂಗ್ ಪಾಪಾ’ ಎಂಬ ಮಾಂಗಾ ಚಿತ್ರಕಥೆಯಲ್ಲಿ 1990ರ ದಶಕದಲ್ಲಿ ಕಾಣಿಸಿಕೊಂಡು, 2014ರ ಹೊತ್ತಿಗೆ ಜಪಾನಿನ ಅಡುಗೆಮನೆಗಳಿಗೆಲ್ಲ ಹಬ್ಬಿದ ಬಗೆ ಇದು. ಇಡೀ ನೋರಿ ಹಾಳೆಯ ನಡುವೆ ಅನ್ನವನ್ನು ಚೌಕವಾಗಿ ಹರಡಿ, ಉಪ್ಪು ಉದುರಿಸಿ, ಮೊಟ್ಟೆ ದೋಸೆಯೋ ಹುರಿದ ತರಕಾರಿಯೋ ಇಟ್ಟು, ಮೇಲೆ ಇನ್ನೊಂದು ಪದರ ಅನ್ನ ಹಾಕಿ, ನಾಲ್ಕು ಮೂಲೆಗಳನ್ನು ಲಕೋಟೆಯ ಹಾಗೆ ಮಡಿಸಿ. ಐದು ನಿಮಿಷ ಬಿಟ್ಟು ಒದ್ದೆ ಚಾಕುವಿನಿಂದ ಎರಡು ಹೋಳು ಮಾಡಿ.

ಇನ್ನು ಕೆಡದಿದ್ದರೂ ಬಿರುಸಾಗಿಬಿಟ್ಟ ಉಂಡೆಗಳಿಗೆ ಯಾಕಿ ಒನಿಗಿರಿ, ಎಂದರೆ ಸುಟ್ಟ ಒನಿಗಿರಿ. ಹೂರಣವಿಲ್ಲದ ಉಂಡೆಗಳು ಇದಕ್ಕೆ ಉತ್ತಮ, ಬೇಕೆಂದೇ ಮಾಡುವುದಾದರೆ ಸ್ವಲ್ಪ ಹೆಚ್ಚು ಬಿಗಿಯಾಗಿ ಕಟ್ಟಿ. ಕಾದ ತವೆಗೆ ಎಣ್ಣೆ ಸವರಿ, ಎರಡೂ ಮುಖ ಗಟ್ಟಿ ಸಿಪ್ಪೆ ಕಟ್ಟುವವರೆಗೆ ಅಲುಗಿಸದೆ ಬಿಡಿ. ಸಿಪ್ಪೆ ಬರುವ ಮೊದಲೇ ಸೋಯಾ ಸಾಸ್ ಹಚ್ಚಿದರೆ ಅನ್ನ ಬಿಚ್ಚಿಕೊಳ್ಳು‌ತ್ತದೆ. ಸಿಪ್ಪೆ ಬಂದ ಮೇಲೆ ತೆಳುವಾಗಿ ಹಚ್ಚಿ, ಮಗುಚಿ, ಮತ್ತೆ ಹಚ್ಚಿ. ಸಾಸ್ ಬೇಗ ಸೀಯುವುದರಿಂದ ಉರಿ ಸಣ್ಣಗಿರಲಿ. ಸೋಯಾ ಸಾಸ್ ಬದಲು ಮಿಸೊ ಎಂಬ ಹುದುಗಿಸಿದ ಸೋಯಾ ಪೇಸ್ಟ್ ಹಚ್ಚಿ ಸುಡುವವರೂ ಇದ್ದಾರೆ. ಹೀಗೆ ಸುಟ್ಟ ಒಂದು ಉಂಡೆಯನ್ನು ಬಟ್ಟಲಲ್ಲಿಟ್ಟು, ಮೇಲೆ ಬಿಸಿ ಹಸಿರು ಚಹಾ ಅಥವಾ ಕೊಂಬು ನೆನೆಸಿ ಕಾಯಿಸಿದ ಸಾರು ಸುರಿದರೆ ಓಚಾಜುಕೆ ಎಂಬ ಇನ್ನೊಂದು ಊಟವಾಗುತ್ತದೆ. ಇದಕ್ಕೆ ಹಾಲು ಸಕ್ಕರೆ ಹಾಕದ ಚಹಾವೇ ಆಗಬೇಕು, ಬಟ್ಟಲಿನ ಜೊತೆ ಒಂದು ಚಮಚವೂ ಬೇಕು.